ಏರಿಯ ಮೇಲಿನ ಸಭೆ

ನಮ್ಮ ಸಮಾಜವಿಜ್ಞಾನದ ಪಾಠಗಳಲ್ಲಿ ಡಚ್ಚರಿಗೆ ಸಿಗುವ ಜಾಗ ಬಹಳ ಕಡಿಮೆ. ಪೋರ್ಚುಗೀಸರ ಹಿಂದೆಯೇ ಬಂದರು, ಸಂಬಾರ ಪದಾರ್ಥಗಳ ವ್ಯಾಪಾರ ಮಾಡಿದರು, 1741ರಲ್ಲಿ ಕೊಲಾಚೆಲ್ ಕದನದಲ್ಲಿ ತಿರುವಾಂಕೂರಿನ ಮಾರ್ತಾಂಡವರ್ಮನ ಕೈಲಿ ಸೋತರು. ಅಲ್ಲಿಗೆ ಮುಗಿಯಿತು. ಮುಂದಿನ ಪುಟದಲ್ಲಿ ಇಂಗ್ಲಿಷರು ಬಂದು ಪುಸ್ತಕದ ಉಳಿದ ಭಾಗವನ್ನೆಲ್ಲ ಆಕ್ರಮಿಸಿಕೊಂಡುಬಿಡುತ್ತಾರೆ. ಒಂದು ಅಂಕದ ಪ್ರಶ್ನೆಗಿಂತ ಹೆಚ್ಚಿನ ಯೋಗ್ಯತೆ ಅವರಿಗೆ ಇದೆಯೆಂದು ನನ್ನ ಮಕ್ಕಳಿಗೂ ಅನ್ನಿಸಿರಲಾರದು, ಬಹಳ ವರ್ಷ ನನಗೂ ಅನ್ನಿಸಿರಲಿಲ್ಲ.

ನನ್ನ ಚಿಕ್ಕಪ್ಪನ ಮಗ ನೀರಾವರಿ ಇಲಾಖೆಯಲ್ಲಿ ಇಂಜಿನಿಯರು. ಅವನು ಡೆಲ್ಫ್ಟ್ ಎಂಬ ಊರಿಗೆ ಕೆಲವು ತಿಂಗಳ ತರಬೇತಿಗೆ ಹೋಗಿ ಬಂದ. ಬಂದವನು ಟ್ಯೂಲಿಪ್ ಹೂವಿನ ಫೋಟೋ, ಗಾಳಿಯಂತ್ರದ ಆಕಾರದ ಕೀಲಿಗೊಂಚಲು ಎಲ್ಲ ಕೊಟ್ಟಾದ ಮೇಲೆ ಹೇಳಿದ್ದು ಒಂದೇ ಮಾತು. "ಅಕ್ಕಾ, ಅವರು ಸಭೆ ಮಾಡೋದನ್ನ ನೋಡಬೇಕು ನೀನು. ಒಂದು ತೂಬಿನ ಬಗ್ಗೆ ಮೂರು ತಾಸು ಮಾತಾಡ್ತಾರ. ಯಾರೂ ಎದ್ದು ಹೋಗಂಗಿಲ್ಲ." ನಮ್ಮ ಹೊಸಪೇಟೆ, ಕಂಪ್ಲಿ ಕಡೆ ತೂಬಿನ ವಿಷಯವೆಂದರೆ ಮಾತಿಗಿಂತ ಮುಂಚೆ ಕೈ ಬರುತ್ತದೆ. ಹಾಗಾಗಿ ನನಗೆ ಕುತೂಹಲವಾಯಿತು. ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಆ ದೇಶದ ಹೆಸರಿನ ಅರ್ಥವೇ ತಗ್ಗು ನಾಡು. ಕಾಲುಭಾಗದಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಏರಿ ಹಾಕಿ, ಒಳಗಿನ ನೀರನ್ನು ಗಾಳಿಯಂತ್ರದಿಂದ ಎತ್ತಿ ಹೊರಗೆ ಹಾಕಿ ಮಾಡಿಕೊಂಡ ಹೊಲಗಳಿಗೆ ಪೋಲ್ಡರ್ ಎನ್ನುತ್ತಾರೆ. ಏರಿ ಎಂದಮೇಲೆ ಅದನ್ನು ಕಾಯಬೇಕಲ್ಲ? ಒಬ್ಬನ ಹೊಲದ ಪಕ್ಕದಲ್ಲಿ ಏರಿ ಕುಸಿದರೆ ಮುಳುಗುವುದು ಅವನ ಹೊಲ ಮಾತ್ರವಲ್ಲ, ಊರಿಗೆ ಊರೇ. ಜಮೀನ್ದಾರ, ಒಕ್ಕಲಿಗ, ಮಠದ ಸನ್ಯಾಸಿ, ಊರಿನ ವ್ಯಾಪಾರಿ, ಯಾರಿಗೆ ಯಾರ ಮುಖ ಕಂಡರಾಗದಿದ್ದರೂ ಏರಿಯ ಮಟ್ಟಿಗೆ ಒಟ್ಟಿಗೆ ಕೂರಲೇಬೇಕಾಯಿತು. ಹೀಗೆ ಹುಟ್ಟಿದ್ದು ಅವರ ನೀರು ಮಂಡಳಿಗಳು. ಅವುಗಳಲ್ಲಿ ಹಳೆಯವು 13ನೆಯ ಶತಮಾನದವು. ಅಂದರೆ ನಮ್ಮ ವಿಜಯನಗರ ಹುಟ್ಟುವುದಕ್ಕೂ ಮುಂಚಿನವು. ಏರಿಯ ದುರಸ್ತಿಗೆ ಯಾರು ಎಷ್ಟು ಮಣ್ಣು ಹಾಕಬೇಕು, ಎಷ್ಟು ಹಣ ಕೊಡಬೇಕು ಎಂದು ತೀರ್ಮಾನಿಸುವುದು ಈ ಮಂಡಳಿ. ತನ್ನ ಪಾಲಿನ ಏರಿಯನ್ನು ಕಾಯಲಾರದವನು ತನ್ನ ಸಲಿಕೆಯನ್ನು ಏರಿಗೆ ಚುಚ್ಚಿ ಹೊರಟುಹೋಗಬೇಕಿತ್ತಂತೆ. ಆ ಸಲಿಕೆಯನ್ನು ಕಿತ್ತುಕೊಂಡವನಿಗೆ ಜಮೀನೂ ಸೇರುತ್ತದೆ, ಏರಿಯ ಜವಾಬ್ದಾರಿಯೂ ಸೇರುತ್ತದೆ. ಕಟುವಾದ ನ್ಯಾಯವೇ ಸರಿ. ನಮ್ಮಲ್ಲಿ ಜಮೀನಿಗೆ ಕೈ ಚಾಚುವವರು ಬೇಕಾದಷ್ಟು. ಜೊತೆಗೆ ಕಾಲುವೆಯ ಹೂಳೂ ನಿನ್ನದೇ ಎಂದು ಹೇಳಿದರೆ ಎಷ್ಟು ಮಂದಿ ನಿಂತಾರು?

ಇವತ್ತಿಗೂ ಆ ಮಂಡಳಿಗಳಿವೆ. ಒಂದು ಕಾಲದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚಿದ್ದವು, ಒಂದರಲ್ಲೊಂದು ಸೇರಿ ಈಗ 21 ಆಗಿವೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ತಮ್ಮದೇ ತೆರಿಗೆ ಎತ್ತುತ್ತಾರೆ. ಮುಂಚೆ ಜಮೀನಿದ್ದವರಿಗೆ ಮಾತ್ರ ಇದ್ದ ಓಟು ಈಗ ಅಲ್ಲಿ ವಾಸವಾಗಿರುವ ವಯಸ್ಕರೆಲ್ಲರಿಗೂ ಇದೆ. ಬಾಡಿಗೆ ಮನೆಯಲ್ಲಿರುವ ಹೆಂಗಸಿಗೂ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಏರಿಯ ಮೇಲಿನ ಸಭೆಯೇ ಅವರ ರಾಜಕೀಯದ ಗುಣವಾಯಿತೆಂದು ಅನೇಕರು ಹೇಳುತ್ತಾರೆ. ಅವರ ಸಂಸತ್ತಿನ ಕೆಳಮನೆಯಲ್ಲಿ 150 ಸ್ಥಾನ. ನೂರು ವರ್ಷದಿಂದ ಯಾವ ಒಂದು ಪಕ್ಷಕ್ಕೂ ಅಲ್ಲಿ ಬಹುಮತ ಬಂದಿಲ್ಲ. ಮೂರೋ ನಾಲ್ಕೋ ಪಕ್ಷ ಕೂಡಿಯೇ ಸರ್ಕಾರ. 2021ರ ಚುನಾವಣೆಯ ನಂತರ ಹೀಗೆ ಕೂತು ಮಾತಾಡಿ ಸರ್ಕಾರ ರಚಿಸಲು 299 ದಿನ ಹಿಡಿಯಿತು. ಅಷ್ಟು ದಿನ ನಮ್ಮ ಶಾಸಕರನ್ನು ರೆಸಾರ್ಟಿನಲ್ಲಿಟ್ಟರೆ ಖರ್ಚೆಷ್ಟಾದೀತು ಎಂದು ಲೆಕ್ಕ ಹಾಕಿ ನಾನೊಬ್ಬಳೇ ನಕ್ಕೆ. 1982ರಲ್ಲಿ ನಿರುದ್ಯೋಗ ಮಿತಿಮೀರಿದಾಗ ವಾಸೆನಾರ್ ಎಂಬ ಊರಿನಲ್ಲಿ ಮಾಲೀಕರ ಸಂಘದವರೂ ಕಾರ್ಮಿಕ ಸಂಘದವರೂ ಎದುರುಬದುರು ಕೂತು, ಇವರು ಸಂಬಳದ ಏರಿಕೆ ತಗ್ಗಿಸಿಕೊಳ್ಳುವುದು, ಅವರು ಕೆಲಸದ ಗಂಟೆ ಕಡಿಮೆ ಮಾಡಿ ಹೆಚ್ಚು ಜನಕ್ಕೆ ಕೆಲಸ ಕೊಡುವುದು ಎಂದು ಒಪ್ಪಂದಕ್ಕೆ ಬಂದರು. ಇದನ್ನೇ ಮುಂದೆ ಪೋಲ್ಡರ್ ಮಾದರಿ ಎಂದು ಕರೆದರು. ಹದಿನಾಲ್ಕು ವರ್ಷ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆ 2024ರ ಜುಲೈನಲ್ಲಿ ಅಧಿಕಾರ ಬಿಟ್ಟುಕೊಟ್ಟು ಸೈಕಲ್ ಹತ್ತಿ ಹೋದದ್ದನ್ನು ನೀವೂ ನೋಡಿರಬಹುದು. ನಮ್ಮ ಗ್ರಾಮ ಪಂಚಾಯಿತಿ ಸದಸ್ಯರು ಬಿಳಿ ಕಾರಿನಿಂದ ಇಳಿಯುವುದನ್ನು ನಾನು ದಿನಾ ನೋಡುತ್ತೇನೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ಹತ್ತಿದ ಯೋಚನೆ ಬೇರೆ. ನಮ್ಮಲ್ಲೂ ನೀರಿತ್ತಲ್ಲ, ಐನೂರು ವರ್ಷದ ಕಾಲುವೆಗಳಿದ್ದವಲ್ಲ? ಹೊಸಪೇಟೆಯ ಗದ್ದೆಗಳಿಗೆ ಹರಿಯುವ ಬಸವಣ್ಣ ಕಾಲುವೆ, ರಾಯ ಕಾಲುವೆ, ಹಂಪಿಯ ಬಾಳೆತೋಟಗಳ ನಡುವೆ ಸುಳಿದು ಹೋಗುವ ತುರ್ತು ಕಾಲುವೆ, ಕೆಳಗೆ ರಾಮಸಾಗರ, ಕಂಪ್ಲಿಯ ಕಾಲುವೆಗಳು. ಅರಮನೆ ಬಿದ್ದವು, ಬಜಾರು ಬಿದ್ದವು, ಕಾಲುವೆ ಮಾತ್ರ ನಿಲ್ಲಲಿಲ್ಲ. ಪ್ರವಾಸಿಗರು ಕಲ್ಲಿನ ರಥದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅವರ ಕಾಲಡಿಯಲ್ಲೇ ಹರಿಯುತ್ತಿರುವ ಜೀವಂತ ವಿಜಯನಗರವನ್ನು ಗಮನಿಸುವವರು ಯಾರೂ ಇಲ್ಲ.

ಆದರೆ ನಮ್ಮ ನೀರಿನ ಕಥೆಗಳಲ್ಲಿ ಸಭೆ ಕಾಣುವುದಿಲ್ಲ, ರಾಜ ಕಾಣುತ್ತಾನೆ. ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಪಾಯಸ್ ಮತ್ತು ನೂನಿಜ್ ಎಂಬ ಪೋರ್ಚುಗೀಸರ ಬರಹಗಳಿವೆ. ಇಬ್ಬರೂ ಕೃಷ್ಣದೇವರಾಯ ನಾಗಲಾಪುರದ ಹತ್ತಿರ, ಅಂದರೆ ನಮ್ಮ ಹೊಸಪೇಟೆಯ ಹತ್ತಿರ, ಕಟ್ಟಿಸಿದ ದೊಡ್ಡ ಕೆರೆಯ ವಿಷಯ ಹೇಳುತ್ತಾರೆ. ಕೆರೆ ಎರಡು ಮೂರು ಸಲ ಒಡೆಯಿತು. ರಾಜ ಬ್ರಾಹ್ಮಣರನ್ನು ಕೇಳಿದ. ನರಬಲಿ ಬೇಕೆಂದರು. ಅರವತ್ತು ಜನರ ತಲೆ ಕಡಿಸಲು ಅಪ್ಪಣೆಯಾಯಿತು ಎಂದು ಪಾಯಸ್ ಬರೆದಿದ್ದಾನೆ. ಕಟ್ಟೆಯ ಕೆಲಸದಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ತುಂಬಿದ್ದರಂತೆ. ನೂನಿಜ್ ಇನ್ನೊಂದು ವಿಷಯ ಸೇರಿಸುತ್ತಾನೆ: ಆ ನೀರಿನ ಕೆಳಗಿನ ಭೂಮಿಯನ್ನು ರಾಜ ಒಂಬತ್ತು ವರ್ಷ ಕಂದಾಯವಿಲ್ಲದೆ ಜನಕ್ಕೆ ಬಿಟ್ಟುಕೊಟ್ಟ. ಕೊಡುವುದೂ ಅವನೇ, ಕಡಿಸುವುದೂ ಅವನೇ. ಆ ಅರವತ್ತು ಜನರ ಹೆಂಡಿರು ಮಕ್ಕಳು ಒಂಬತ್ತು ವರ್ಷದ ರಿಯಾಯಿತಿಯಲ್ಲಿ ಬೆಳೆದ ಅನ್ನವನ್ನು ಹೇಗೆ ಉಂಡಿರಬಹುದು ಎಂದು ಬರೆಯಲು ಯಾವ ಪೋರ್ಚುಗೀಸನೂ ಉಳಿದಿರಲಿಲ್ಲ.

ತುಂಗಭದ್ರಾ ಅಣೆಕಟ್ಟಿನ ಕಾಲಕ್ಕೆ ರಾಜನ ಜಾಗಕ್ಕೆ ಸರ್ಕಾರ ಬಂತು. 1945ರ ಫೆಬ್ರವರಿ 28ರಂದು ಹೊಳೆಯ ಒಂದು ದಡದಲ್ಲಿ ಮದ್ರಾಸಿನ ಗವರ್ನರು, ಇನ್ನೊಂದು ದಡದಲ್ಲಿ ಹೈದರಾಬಾದಿನ ರಾಜಕುಮಾರರು ಅಡಿಗಲ್ಲು ಇಟ್ಟರು. ನನ್ನ ತಾಯಿಯ ತಾಯಿ ನಾರಾಯಣದೇವರಕೆರೆಯವಳು. ಆ ಊರು ಈಗ ನೀರಿನೊಳಗಿದೆ. ಮುಳುಗಿದ ಹಳ್ಳಿಗಳು 90ರಷ್ಟು. ಅಜ್ಜಿಯ ಮನೆಯವರು ಗಾಡಿ ಕಟ್ಟಿಕೊಂಡು ಮರಿಯಮ್ಮನಹಳ್ಳಿಗೆ ಬಂದರು. "ನಿಮ್ಮನ್ನ ಯಾರಾದರೂ ಕೇಳಿದ್ರೇನಬೇ?" ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ಅಜ್ಜಿ, "ಕೇಳಾಕ ಬಂದಿದ್ರವ್ವ. ಮನ್ಯಾಗ ಎಷ್ಟು ತೊಲಿ ಅದಾವ, ಎಷ್ಟು ಬಾಗಲ ಅದಾವ ಅಂತ ಬರಕೊಂಡು ಹೋದ್ರು" ಎಂದಿದ್ದಳು. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಹಳೆಯ ಊರಿನ ಗೋಡೆಗಳು ಕಾಣುತ್ತಿದ್ದವು. ಅಜ್ಜಿ ಒಮ್ಮೆಯೂ ನೋಡಲು ಹೋಗಲಿಲ್ಲ.

ಅಣೆಕಟ್ಟಿನಿಂದ ಮೊದಲ ಸಲ ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ಅದೇ ವರ್ಷ ಅಲ್ಲಿ, ಜನವರಿ 31ರ ಶನಿವಾರ ರಾತ್ರಿ, ಬಿರುಗಾಳಿಗೆ ಸಮುದ್ರ ಉಕ್ಕಿ ಏರಿಗಳು ಒಡೆದು 1,836 ಜನ ಸತ್ತರು. ರಾತ್ರಿ ರೇಡಿಯೋ ಬಂದಾಗಿತ್ತು, ವಾರದ ಕೊನೆಯೆಂದು ಕಚೇರಿಗಳೂ ಮುಚ್ಚಿದ್ದವು. ಎಚ್ಚರಿಕೆ ಯಾರಿಗೂ ಮುಟ್ಟಲಿಲ್ಲ. ಏರಿಗಳು ಸಾಲದೆಂದು ಇಂಜಿನಿಯರುಗಳು ಮುಂಚೆಯೇ ಹೇಳಿದ್ದರು. ಸಣ್ಣಸಣ್ಣ ಮಂಡಳಿಗಳ ಹತ್ತಿರ ಹಣವಿರಲಿಲ್ಲ. ಸಭೆಯೊಂದಿದ್ದರೆ ಸಾಕು ಏರಿ ತಾನೇ ನಿಲ್ಲುತ್ತದೆ ಎಂದು ಯಾರೂ ತಿಳಿಯಬಾರದು. ಆಮೇಲೆ ದೇಶವೇ ಸೇರಿ ಡೆಲ್ಟಾ ಯೋಜನೆ ಕೈಗೊಂಡು 1997ರವರೆಗೆ ಸಮುದ್ರಕ್ಕೆ ಬಾಗಿಲುಗಳನ್ನು ಕಟ್ಟಿದರು.

ನಮಗೂ ಒಂದು ಶನಿವಾರದ ರಾತ್ರಿ ಬಂತು. 2024ರ ಆಗಸ್ಟ್ 10. ಜಲಾಶಯ ತುಂಬಿತ್ತು, ಹೂಳು ಕಳೆದು ಈಗ ಅದರ ಸಾಮರ್ಥ್ಯ 105 ಟಿಎಂಸಿ ಚಿಲ್ಲರೆ. 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಮಾರನೆಯ ಬೆಳಿಗ್ಗೆ ಹೊಸಪೇಟೆಯಲ್ಲಿ ಯಾರ ಮನೆಗೆ ಹೋದರೂ ಅದೇ ಮಾತು. ಕಂಪ್ಲಿ ಸೇತುವೆಯ ಕಡೆಯವರಿಗೆ ಪ್ರವಾಹದ ಚಿಂತೆ, ಕಾಲುವೆಯ ಕೊನೆಯವರಿಗೆ ನಾಟಿ ಮಾಡಿದ ಭತ್ತದ ಚಿಂತೆ. ಕನ್ನಯ್ಯ ನಾಯ್ಡು ಅವರೆಂಬ ಹಿರಿಯ ತಜ್ಞರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ ವಾರದೊಳಗೆ ಮುಚ್ಚಿದರು. ಆ ತುಂಡುಗಳು ನಮ್ಮ ಊರಿನ ವರ್ಕ್‌ಶಾಪಿನಲ್ಲೂ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲೂ ತಯಾರಾದವು. ಜೀವ ಒಡ್ಡಿ ದುಡಿದ ಆ ಕೆಲಸಗಾರರನ್ನು ಎಷ್ಟು ಹೊಗಳಿದರೂ ಕಡಿಮೆ. ಆದರೆ ಎಪ್ಪತ್ತು ವರ್ಷದ ಚೈನಿನ ಮೇಲೆ ಕಣ್ಣಿಡಬೇಕಾದವರು ಯಾರು ಎಂಬ ಪ್ರಶ್ನೆಗೆ ಬೆರಳುಗಳು ಮಾತ್ರ ಬೆಂಗಳೂರಿನ ಕಡೆಗೆ, ದಿಲ್ಲಿಯ ಕಡೆಗೆ, ಮಂಡಳಿಯ ಕಡೆಗೆ ತಿರುಗಿದವು. ಮೂರು ರಾಜ್ಯ ಮತ್ತು ಕೇಂದ್ರ ಸೇರಿ ನಡೆಸುವ ಮಂಡಳಿ ನಮ್ಮ ಟಿ.ಬಿ. ಡ್ಯಾಮಿನಲ್ಲೇ ಇದೆ, ನಾಲ್ಕು ಹೆಜ್ಜೆ ದೂರದಲ್ಲಿ. ಅದರಲ್ಲಿ ಕಾಲುವೆಯ ಕೊನೆಯ ಹೊಲದವರಿಗೆ ಒಂದು ಕುರ್ಚಿಯೂ ಇಲ್ಲ.

ಹಾಗಂತ ನಮ್ಮಲ್ಲಿ ಸಭೆಗಳಿಗೇನೂ ಬರವಿಲ್ಲ. ನಾನು ಕಂಡಷ್ಟು ಸಭೆಯನ್ನು ಯಾವ ಡಚ್ಚನೂ ಕಂಡಿರಲಾರ. ಶಾಲಾಭಿವೃದ್ಧಿ ಸಮಿತಿ, ಪೋಷಕರ ಸಭೆ, ಗ್ರಾಮಸಭೆ, ಸಂಘದ ವಾರ್ಷಿಕ ಸಭೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ ಬರುತ್ತವೆ. ನಡಾವಳಿ ಪುಸ್ತಕ ತೆರೆಯುತ್ತಾರೆ. ಅದರಲ್ಲಿ ಒಂದು ಪದ ಪುಟಪುಟದಲ್ಲೂ ಸಿಗುತ್ತದೆ: ‘ಸರ್ವಾನುಮತದಿಂದ’. ಸರ್ವಾನುಮತದಿಂದ ತೀರ್ಮಾನಿಸಲಾಯಿತು, ಸರ್ವಾನುಮತದಿಂದ ಅಂಗೀಕರಿಸಲಾಯಿತು. ಡಚ್ಚರ ಒಪ್ಪಿಗೆಗೂ ನಮ್ಮ ಸರ್ವಾನುಮತಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ ಎಂದು ನನ್ನ ಭಾವನೆ. ಅವರು ಮೂರು ತಾಸು ಜಗಳವಾಡಿ, ಎಲ್ಲರೂ ಅರ್ಧರ್ಧ ಬಿಟ್ಟುಕೊಟ್ಟು, ಯಾರಿಗೂ ಪೂರ್ತಿ ಖುಷಿಯಿಲ್ಲದ ತೀರ್ಮಾನಕ್ಕೆ ಬರುತ್ತಾರೆ. ನಮ್ಮಲ್ಲಿ ಇಬ್ಬರು ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ಸುಮ್ಮನಿದ್ದದ್ದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದರಲ್ಲಿ ನಾವು ನಿಸ್ಸೀಮರು. ಹೆಣ್ಣುಮಕ್ಕಳ ಮದುವೆಗೂ ಹಿಂದೆ ಹೀಗೆಯೇ ಅಲ್ಲವೆ ಒಪ್ಪಿಗೆ ಪಡೆಯುತ್ತಿದ್ದದ್ದು?

2000ದಲ್ಲಿ ನಮ್ಮ ನೀರಾವರಿ ಕಾಯ್ದೆಗೆ ತಿದ್ದುಪಡಿಯಾಗಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬಲ ಬಂತು. ಕಾಲುವೆಯ ನೀರನ್ನು ರೈತರೇ ಹಂಚಿಕೊಳ್ಳಬೇಕು, ಕರ ಅವರೇ ವಸೂಲು ಮಾಡಬೇಕು, ದುರಸ್ತಿಯೂ ಅವರದೇ. ಓದಿದರೆ ಥೇಟು ಏರಿಯ ಮೇಲಿನ ಸಭೆ. ಕಂಪ್ಲಿ ಕಡೆಯ ಒಂದು ಹಳ್ಳಿಯಲ್ಲಿ ನನ್ನ ದೊಡ್ಡಮ್ಮನಿಗೆ ಎಲ್‌ಎಲ್‌ಸಿ ಕಾಲುವೆಯ ಕೆಳಗೆ ಎರಡು ಎಕರೆ ಗದ್ದೆ. ಉಪಕಾಲುವೆಯ ತೀರಾ ಕೊನೆ. ದೊಡ್ಡಪ್ಪ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಮೇಲಿನವರು ರಾತ್ರಿ ತೂಬಿಗೆ ಕಲ್ಲು, ಮಣ್ಣಿನ ಚೀಲ ಇಟ್ಟು ನೀರು ತಿರುಗಿಸಿಕೊಳ್ಳುತ್ತಿದ್ದರು. ಸರದಿಯ ಪ್ರಕಾರ ದೊಡ್ಡಮ್ಮನ ಪಾಳಿ ಬರುತ್ತಿದ್ದದ್ದು ರಾತ್ರಿ ಒಂದು ಗಂಟೆಗೆ. ಅರವತ್ತು ದಾಟಿದ ಹೆಂಗಸು ಬ್ಯಾಟರಿ ಹಿಡಿದು, ಹಾವು ಹುಳದ ನಡುವೆ, ಗಂಡಸರ ಗುಂಪಿಗೆ ಎದುರಾಗಿ ನಿಂತು ಮಡೆ ತೆಗೆಯಬೇಕು. ಒಂದು ಭಾನುವಾರ ಸಂಘದ ಸಭೆಯಿದೆಯೆಂದು ಕೇಳಿ, ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಓದಿದವಳು, ಟೀಚರು, ಎರಡು ಮಾತಾಡಲಿ ಎಂದು.

ಗುಡಿಯ ಕಟ್ಟೆಯ ಮೇಲೆ ಗಂಡಸರು ಕೂತಿದ್ದರು. ನಾವು ಕೆಳಗೆ ನಿಂತೆವು. "ಯಾಕಬೇ, ಮನ್ಯಾಗ ಗಂಡಸರು ಯಾರೂ ಇಲ್ಲೇನು ಕಳಸಾಕ?" ಎಂದರು ಒಬ್ಬ ಹಿರಿಯರು. ಕೆಟ್ಟ ಮನಸ್ಸಿನಿಂದಲ್ಲ, ಸಹಜವಾಗಿ. ದೊಡ್ಡಮ್ಮ, "ಇದ್ದವರು ಸತ್ರಲ್ಲಪ್ಪ, ನೀನೇ ಮಣ್ಣು ಕೊಟ್ಟು ಬಂದೀ" ಎಂದಳು. ನಾಲ್ಕು ಜನ ನಕ್ಕರು. ಕಾರ್ಯದರ್ಶಿ ಪುಸ್ತಕ ನೋಡಿ, ಪಹಣಿ ಇನ್ನೂ ದೊಡ್ಡಪ್ಪನ ಹೆಸರಿನಲ್ಲೇ ಇದೆ, ಸದಸ್ಯತ್ವವೂ ಅವರದೇ, ಆದ್ದರಿಂದ ನಿಮ್ಮ ಮಾತು ಬರೆದುಕೊಳ್ಳಲು ಬರುವುದಿಲ್ಲ ಎಂದ. ಸತ್ತ ದೊಡ್ಡಪ್ಪ ಆ ಸಂಘದ ಸದಸ್ಯ, ಬದುಕಿದ್ದು ನಾಟಿ ಹಾಕಿ ಕಳೆ ಕಿತ್ತು ನೀರು ಕಟ್ಟುವ ದೊಡ್ಡಮ್ಮ ಅಲ್ಲ. ಅಂದಿನ ನಡಾವಳಿಯನ್ನೂ ಸರ್ವಾನುಮತದಿಂದಲೇ ಬರೆದರು. ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಹಾಗಾದರೆ ಆ ದೇಶದ ಹೆಂಗಸರು ಸುಖವಾಗಿದ್ದರೆ ಎಂದು ನಾನು ಹುಡುಕಿದೆ. ಉತ್ತರ ನನ್ನನ್ನು ಬೆಚ್ಚಿಬೀಳಿಸಿತು. 1890ರಿಂದ 2013ರವರೆಗೆ, ಒಂದಾದಮೇಲೊಂದರಂತೆ ಮೂವರು ರಾಣಿಯರು ಸಿಂಹಾಸನದಲ್ಲಿದ್ದ ದೇಶ ಅದು. ವಿಲ್ಹೆಲ್ಮಿನಾ, ಯೂಲಿಯಾನಾ, ಬೇಯಾಟ್ರಿಕ್ಸ್. 1919ರಲ್ಲೇ ಹೆಂಗಸರಿಗೆ ಓಟು ಬಂದಿತ್ತು. ಆದರೂ 1950ರ ದಶಕದವರೆಗೆ ಅಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಹೆಂಗಸು ಮದುವೆಯಾದರೆ ಕೆಲಸದಿಂದ ತೆಗೆದುಹಾಕುತ್ತಿದ್ದರು. ಶಾಲೆಯ ಟೀಚರುಗಳನ್ನೂ! ಮದುವೆಯಾದ ಹೆಂಗಸು ಕಾನೂನಿನ ದೃಷ್ಟಿಯಲ್ಲಿ ಅಪ್ರಾಪ್ತ ಮಕ್ಕಳ ಹಾಗೆ. ಗಂಡನ ಒಪ್ಪಿಗೆಯಿಲ್ಲದೆ ಬ್ಯಾಂಕಿನಲ್ಲಿ ಖಾತೆ ತೆರೆಯುವಂತಿಲ್ಲ. ರಾಣಿಯ ಸಹಿ ಇಡೀ ದೇಶಕ್ಕೆ ನಡೆಯುತ್ತದೆ, ಟೀಚರಮ್ಮನ ಸಹಿ ಅವಳ ಸಂಬಳಕ್ಕೂ ನಡೆಯುವುದಿಲ್ಲ. ಏಳು ನೂರು ವರ್ಷದ ಸಭೆಗಳಲ್ಲಿ ಈ ವಿಷಯ ಯಾರಿಗೂ ಹೊಳೆದಿರಲಿಲ್ಲ.

ಕೊರ‍್ರಿ ಟೆಂಡೆಲೂ ಎಂಬ ವಕೀಲೆ, ಸಂಸತ್ತಿನ ಸದಸ್ಯೆ, 1955ರ ಸೆಪ್ಟೆಂಬರಿನಲ್ಲಿ ಈ ವಜಾ ಪದ್ಧತಿಯ ವಿರುದ್ಧ ಗೊತ್ತುವಳಿ ತಂದರು. ಪರ 46, ವಿರೋಧ 44. ಎರಡೇ ಓಟಿನ ಗೆಲುವು. ಮರುವರ್ಷ, 1956ರಲ್ಲಿ, ಮದುವೆಯಾದ ಹೆಂಗಸನ್ನು ಅಪ್ರಾಪ್ತಳೆನ್ನುವ ಕಾನೂನನ್ನೂ ತೆಗೆಯಲು ಸಂಸತ್ತು ಒಪ್ಪಿತು. ಅದು ಜಾರಿಗೆ ಬಂದದ್ದು 1957ರ ಆರಂಭದಲ್ಲಿ. ಅಷ್ಟರಲ್ಲಿ, 1956ರ ಅಕ್ಟೋಬರಿನಲ್ಲಿ, ಟೆಂಡೆಲೂ ತೀರಿಕೊಂಡಿದ್ದರು. ಇಲ್ಲಿ ಯಾವ ಸರ್ವಾನುಮತವೂ ಇರಲಿಲ್ಲ ನೋಡಿ. ಒಪ್ಪಂದಕ್ಕೆ ಹೆಸರಾದ ದೇಶದಲ್ಲೂ ಹೆಂಗಸಿನ ಕೆಲಸ ಉಳಿದದ್ದು ಎಣಿಕೆಯ ಬಲದಿಂದ. ಇದನ್ನು ಓದಿದ ದಿನ ಸ್ಟಾಫ್ ರೂಮಿನಲ್ಲಿ ಹೇಳಿದೆ. ಎಂಟು ಜನ ಟೀಚರುಗಳಲ್ಲಿ ಏಳು ಜನ ತಾಳಿ ಕಟ್ಟಿಕೊಂಡವರು. "ಹಂಗಾದ್ರ ನಾವೆಲ್ಲ ಅಲ್ಲಿ ಹುಟ್ಟಿದ್ರ ಮನ್ಯಾಗ ರೊಟ್ಟಿ ಬಡೀತಿದ್ವಿ" ಎಂದರು ಒಬ್ಬರು. "ಇಲ್ಲಿ ಎರಡೂ ಮಾಡ್ತೀವಿ" ಎಂದರು ಇನ್ನೊಬ್ಬರು.

ಈಚಿನದೂ ಒಂದಿದೆ. ಕೆಲಸಕ್ಕೆ ಹೋಗುವ ತಂದೆತಾಯಿಗಳಿಗೆ ಮಕ್ಕಳ ಪಾಲನೆಗೆಂದು ಸರ್ಕಾರ ಕೊಡುತ್ತಿದ್ದ ಹಣವನ್ನು ವಂಚನೆ ಮಾಡಿ ಪಡೆದಿದ್ದೀರೆಂದು ತೆರಿಗೆ ಇಲಾಖೆ ಸಾವಿರಾರು ಕುಟುಂಬಗಳ ಮೇಲೆ ಸುಳ್ಳು ಆರೋಪ ಹೊರಿಸಿ ಪೂರ್ತಿ ವಾಪಸು ಕೇಳಿತು. ಅನೇಕರು ಹೊರಗಿನಿಂದ ಬಂದು ನೆಲಸಿದವರು. ಮನೆ ಹೋಯಿತು, ಸಂಸಾರ ಒಡೆಯಿತು. ಕೆಲವರ ಮಕ್ಕಳನ್ನೇ ಬೇರೆ ಕಡೆ ಒಯ್ದಿಟ್ಟರು. 2021ರ ಜನವರಿಯಲ್ಲಿ ಇಡೀ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಸೈಕಲ್ಲಿನ ಪ್ರಧಾನಿಯ ಮಂತ್ರಿಮಂಡಲವೇ ಅದು. ಸಭೆಯ ಮೇಜಿನ ಸುತ್ತ ಕುರ್ಚಿ ಸಿಕ್ಕವರಿಗೆ ಆ ದೇಶ ಬಹಳ ಒಳ್ಳೆಯದು. ಕುರ್ಚಿ ಸಿಗದವರ ಪಾಡು ಕಂಪ್ಲಿಯಲ್ಲೂ ಅಲ್ಲೂ ಒಂದೇ.

ನಮ್ಮಲ್ಲಿ ಕುರ್ಚಿ ಹಾಕಿಸಿದವರೂ ಇದ್ದಾರೆ, ಅವರನ್ನು ಮರೆಯಬಾರದು. ನಜೀರ್ ಸಾಬರ ಕಾಲದ ಕಾನೂನಿನಂತೆ 1987ರ ಚುನಾವಣೆಯಲ್ಲಿ ಕಾಲುಭಾಗ ಸ್ಥಾನ ಹೆಂಗಸರಿಗೆ ಸಿಕ್ಕಿತು. 1993ರ ಪಂಚಾಯತ್ ರಾಜ್ ಕಾಯ್ದೆ ಮೂರನೆಯ ಒಂದು ಭಾಗ ಕೊಟ್ಟಿತು. ಆಗ ಆ ಖಾತೆಯ ಮಂತ್ರಿಯಾಗಿದ್ದವರು ಸಂಡೂರಿನ ಎಂ.ವೈ. ಘೋರ್ಪಡೆ, ರಾಜಮನೆತನದವರು. ಅಪ್ಪನ ಕಾಲದಲ್ಲಿ ಅರಮನೆಯಿಂದ ಆಳುತ್ತಿದ್ದ ಊರಿನಲ್ಲಿ ಮಗ ಗ್ರಾಮಸಭೆಯ ಮಾತಾಡಿದರು. 2010ರಲ್ಲಿ ಅದು ಅರ್ಧಕ್ಕೆ ಏರಿತು. ಅಧ್ಯಕ್ಷಿಣಿಯ ಪತಿ ಬಂದು ಸಭೆ ನಡೆಸುತ್ತಾನೆಂದು ನಗುವವರು ನಗಲಿ. ಮೊದಲ ಸಲ ಗೆದ್ದಾಗ ಗಂಡನ ಹಿಂದೆ ನಿಂತವಳು ಎರಡನೆಯ ಸಲ ಗೆದ್ದಾಗ ಅವನನ್ನು ಹೊರಗೆ ಚಹಾ ಕುಡಿಯಲು ಕಳಿಸಿದ್ದನ್ನು ನಾನು ಬಲ್ಲೆ. ನೀರಿನ ಸಂಘದಲ್ಲಿ ಮಾತ್ರ ಪಹಣಿಯೇ ಓಟಿನ ಚೀಟಿ. ಪಹಣಿಯಲ್ಲಿ ನಮ್ಮ ಹೆಸರು ಎಷ್ಟಿದೆ ಎಂದು ಒಮ್ಮೆ ನಿಮ್ಮ ಮನೆಯ ಕಾಗದಗಳನ್ನು ತೆಗೆದು ನೋಡಿ.

ದೊಡ್ಡಮ್ಮನ ಪೌತಿ ಖಾತೆ ಆಗಲು ಎರಡು ವರ್ಷ ಓಡಾಡಿದೆವು. ಮರಣಪತ್ರ, ವಂಶವೃಕ್ಷ, ಮೈದುನರ ಸಹಿ. ಕೊನೆಯ ಮೈದುನ ಸಹಿ ಹಾಕಲು ಒಂದು ಸುಗ್ಗಿ ಪೂರ್ತಿ ತೆಗೆದುಕೊಂಡ. ಹೆಸರು ಬಂದ ಮೇಲೆ ಅವಳು ಸಂಘದ ಸಭೆಗೆ ಹೋಗಿ, ನನ್ನ ಪಾಳಿ ಹಗಲಿಗೆ ಹಾಕಿಕೊಡಿ, ಇಲ್ಲವಾದರೆ ಈ ಸಲದ ನಡಾವಳಿಗೆ ನನ್ನ ಹೆಬ್ಬೆಟ್ಟಿಲ್ಲ ಎಂದಳಂತೆ. ಜಗಳ ಒಂದು ತಾಸು ನಡೆಯಿತು. ಕಡೆಗೆ ಒಂದು ಪಾಳಿ ಹಗಲು, ಒಂದು ಪಾಳಿ ರಾತ್ರಿ ಎಂದಾಯಿತು. ಅವಳಿಗೂ ಪೂರ್ತಿ ಸಮಾಧಾನವಿಲ್ಲ, ಅವರಿಗೂ ಇಲ್ಲ.

2025ರ ಕೊನೆಯಲ್ಲಿ, ಹಳೆಯ ಗೇಟುಗಳನ್ನು ತೆಗೆದು ಹೊಸವನ್ನು ಕೂರಿಸಬೇಕಾಗಿದೆ, ಎರಡನೇ ಬೆಳೆಗೆ ನೀರಿಲ್ಲ ಎಂದು ಮೇಲಿನಿಂದ ತೀರ್ಮಾನ ಬಂತು. ಅದರ ಅಗತ್ಯವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಗದ್ದೆ ಒಣಗಿ ಬಿರುಕು ಬಿಟ್ಟಿದ್ದಾಗ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಹೊತ್ತು ಹೋಗಲೆಂದು ಡಚ್ಚರ ಕಥೆ ಹೇಳಿದೆ, ಏರಿ, ಸಲಿಕೆ, ಮಂಡಳಿ ಎಲ್ಲ. ಅವಳು ಗಮನವಿಟ್ಟು ಕೇಳಿದಳು.

"ಅಲ್ಲಿ ಕಾಲುವಿ ಕೊನಿಗೆ ನೀರು ಮುಟ್ಟತೈತೇನು?"

"ಅವರು ನೀರು ತರೋದಲ್ಲ ದೊಡ್ಡಮ್ಮಾ, ಇರೋ ನೀರನ್ನ ಹೊರಗ ಹಾಕೋದು."

ಅವಳು ನನ್ನನ್ನು ನಂಬದವಳಂತೆ ನೋಡಿದಳು. "ನೀರು ಹೊರಗ ಹಾಕಾಕ ಇಷ್ಟೊಂದು ಸಭೀನಾ?" ಎಂದು ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದಳು.